ಗೊರಸಿನ ಸಮತೋಲ ಮತ್ತು ಕುದುರೆಯ ನಡಿಗೆ

ಚೆನ್ನೈ ನಗರದ ಮರೀನಾ ಕಡಲತೀರದಲ್ಲಿ ಸಂಜೆಯ ಹೊತ್ತು ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಮರಳಿನಲ್ಲಿ ಸುತ್ತು ಹಾಕುವ ಕುದುರೆಗಳನ್ನು ಅನೇಕರು ನೋಡಿರುತ್ತಾರೆ. ಅದೇ ತೀರದಲ್ಲಿ ನಗರ ಪೊಲೀಸ್ ಅಶ್ವದಳದ ಎತ್ತರವಾದ ಕುದುರೆಗಳೂ ಗಸ್ತು ತಿರುಗುತ್ತವೆ. ಗಿಂಡಿಯಲ್ಲಿ 1777ರಷ್ಟು ಹಿಂದಿನಿಂದ ಕುದುರೆ ಪಂದ್ಯಗಳು ನಡೆದುಬಂದವು. 1896ರಲ್ಲಿ ಸ್ಥಾಪನೆಯಾದ ಮದ್ರಾಸ್ ರೇಸ್ ಕ್ಲಬ್ಬಿನ ಸುಪರ್ದಿಯಲ್ಲಿದ್ದ ಸುಮಾರು 160 ಎಕರೆ ಭೂಮಿಯ ಗುತ್ತಿಗೆಯನ್ನು ತಮಿಳುನಾಡು ಸರ್ಕಾರವು 2024ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು. ಒಂದು ಕಾಲಕ್ಕೆ ಮದ್ರಾಸಿನ ಬೀದಿಗಳಲ್ಲಿ ಎಡೆಬಿಡದೆ ಓಡುತ್ತಿದ್ದ ಜಟಕಾ ಬಂಡಿಗಳು ಮೋಟಾರು ವಾಹನಗಳ ಮುಂದೆ ನಿಲ್ಲಲಾರದೆ ಮರೆಯಾದವು. ಆದರೂ ಕುದುರೆಯನ್ನೇ ನಂಬಿ ಬದುಕುವ ಕುಟುಂಬಗಳು ಈ ನಗರದಲ್ಲಿ ಇನ್ನೂ ಇವೆ.

ಸವಾರಿಯ ತಟ್ಟು, ಪೊಲೀಸ್ ಕುದುರೆ, ಪಂದ್ಯದ ಕುದುರೆ ಇವುಗಳ ತಳಿ ಬೇರೆ, ಮೇವು ಬೇರೆ, ಯಜಮಾನರ ಅನುಕೂಲವೂ ಬೇರೆ. ಒಂದು ವಿಷಯದಲ್ಲಿ ಮಾತ್ರ ಇವುಗಳಲ್ಲಿ ಭೇದವಿಲ್ಲ. ಪ್ರತಿಯೊಂದೂ ತನ್ನ ದೇಹದ ಭಾರವನ್ನೆಲ್ಲ ಅಂಗೈಯಗಲದ ನಾಲ್ಕು ಗೊರಸುಗಳ ಮೇಲೆ ಹೊತ್ತು ನಡೆಯಬೇಕು. ಮುಂಗಾಲಿನಲ್ಲಿ ಕುಂಟುವ ಕುದುರೆಗಳನ್ನು ಪರೀಕ್ಷಿಸಿದಾಗ ನೋವಿನ ಮೂಲವು ಬಹುಪಾಲು ಸಂದರ್ಭಗಳಲ್ಲಿ ಗೊರಸಿನಲ್ಲಿಯೇ ಇರುವುದು ಪಶುವೈದ್ಯರ ಅನುಭವವಾಗಿದೆ. ಹೀಗಿದ್ದೂ ಕುದುರೆ ಕುಂಟಿದೊಡನೆ ಭುಜಕ್ಕೆ ಎಣ್ಣೆ ತಿಕ್ಕುವುದು, ಮೊಣಕಾಲಿಗೆ ಬರೆ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಬರೆಯಿಂದ ಚರ್ಮ ಸುಡುತ್ತದೆ. ಗೊರಸು ಮೊದಲಿದ್ದಂತೆಯೇ ಇರುತ್ತದೆ.

ಗೊರಸಿನ ರಚನೆ

ದನದ ಗೊರಸು ಎರಡಾಗಿ ಸೀಳಿದೆ, ಕುದುರೆಯದು ಒಂದೇ. ಕುದುರೆಯು ಪ್ರತಿ ಕಾಲಿನಲ್ಲಿ ಒಂದೇ ಬೆರಳಿನ ತುದಿಯ ಮೇಲೆ ನಿಲ್ಲುವ ಪ್ರಾಣಿ. ನಾವು ಗೊರಸು ಎಂದು ಕರೆಯುವುದು ಆ ಬೆರಳಿನ ಉಗುರನ್ನು. ಹೊರಗಿನ ಗಟ್ಟಿ ಗೋಡೆಗೆ ರಕ್ತವೂ ಇಲ್ಲ, ನರವೂ ಇಲ್ಲ. ಅದು ಮೇಲಿನ ಕೂದಲಂಚಿನಿಂದ ಕೆಳಕ್ಕೆ ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್‌ನಷ್ಟು ಬೆಳೆಯುತ್ತದೆ. ಅಂಚಿನಲ್ಲಿ ಇಂದು ಹುಟ್ಟಿದ ಭಾಗವು ಮುಂತುದಿಯ ನೆಲ ಮುಟ್ಟಲು 9ರಿಂದ 12 ತಿಂಗಳು ಬೇಕು. ಆದುದರಿಂದ ಗೋಡೆಯ ಮೇಲೆ ಕಾಣುವ ಉಂಗುರಗಳು ಕಳೆದ ಒಂದು ವರ್ಷದ ಮೇವು, ಜ್ವರ, ನೋವುಗಳ ದಾಖಲೆಯೆಂದೇ ತಿಳಿಯಬಹುದು.

ಗೋಡೆಯ ಒಳಗೆ ಬೆರಳಿನ ಕೊನೆಯ ಎಲುಬು ಇದೆ. ಇದು ತಳದ ಮೇಲೆ ಕುಳಿತಿಲ್ಲ, ಗೋಡೆಗೆ ತೂಗುಬಿದ್ದಿದೆ ಎಂಬುದು ಮುಖ್ಯ. ಎಲುಬಿನ ಕಡೆಯಿಂದಲೂ ಗೋಡೆಯ ಕಡೆಯಿಂದಲೂ ಹೊರಟ ಸುಮಾರು 550ರಿಂದ 600 ಸೂಕ್ಷ್ಮ ಎಸಳುಗಳು ಎರಡು ಕೈಗಳ ಬೆರಳುಗಳು ಹೆಣೆದುಕೊಂಡಂತೆ ಒಂದರೊಳಗೊಂದು ಸೇರಿಕೊಂಡಿವೆ. ಒಂದೊಂದು ಎಸಳಿನ ಮೇಲೂ ನೂರಕ್ಕೂ ಹೆಚ್ಚು ಕಿರು ಎಸಳುಗಳಿರುವುದರಿಂದ ಒಂದು ಗೊರಸಿನೊಳಗಿನ ಈ ಬೆಸುಗೆಯನ್ನು ಬಿಡಿಸಿ ಹರಡಿದರೆ ಅದರ ಹರವು ಒಂದು ಚದರ ಮೀಟರಿಗೆ ಹತ್ತಿರವಾಗುತ್ತದೆ. ಕುದುರೆಯ ಭಾರವು ಈ ಬೆಸುಗೆಯ ಮೂಲಕವೇ ಗೋಡೆಗೆ ದಾಟುತ್ತದೆ. ಧಾನ್ಯವನ್ನು ಮಿತಿಮೀರಿ ತಿಂದ ಕುದುರೆಯಲ್ಲಿ ಈ ಎಸಳುಗಳು ಉರಿಗೊಂಡು ಬಿಟ್ಟುಕೊಂಡರೆ ಎಲುಬು ಕೆಳಕ್ಕೆ ತಿರುಗುತ್ತದೆ. ಅದು ಬೇರೆಯೇ ಒಂದು ವ್ಯಾಧಿ. ಇಲ್ಲಿ ಅದರ ವಿಸ್ತಾರಕ್ಕೆ ಹೋಗುವುದಿಲ್ಲ.

ತಳವನ್ನು ಎತ್ತಿ ನೋಡಿದರೆ ಹಿಮ್ಮಡಿಯಿಂದ ನಡುವಿನವರೆಗೆ ಬಾಣದ ಮೊನೆಯಂತೆ ಚಾಚಿಕೊಂಡ, ರಬ್ಬರಿನಂತೆ ಮೆತ್ತಗಿರುವ ಭಾಗವೊಂದು ಕಾಣುತ್ತದೆ. ಇದಕ್ಕೆ ಫ್ರಾಗ್ ಎಂದು ಹೆಸರು. ಕಾಲು ನೆಲಕ್ಕೆ ಊರಿದಾಗ ಫ್ರಾಗ್ ಮತ್ತು ಅದರ ಮೇಲಿನ ಮೆತ್ತೆ ಒತ್ತಿಹೋಗಿ ಹಿಮ್ಮಡಿಯ ಎರಡೂ ಪಕ್ಕಗಳು ಸ್ವಲ್ಪ ಅಗಲುತ್ತವೆ. ಕಾಲು ಎತ್ತಿದಾಗ ಮತ್ತೆ ಕೂಡುತ್ತವೆ. ಮೊಣಕಾಲಿನಿಂದ ಕೆಳಗೆ ಕುದುರೆಗೆ ಮಾಂಸಖಂಡಗಳಿಲ್ಲ, ಸ್ನಾಯುರಜ್ಜುಗಳು ಮಾತ್ರ ಇವೆ. ಆದುದರಿಂದ ಕೆಳಗಿಳಿದ ರಕ್ತವನ್ನು ಮೇಲಕ್ಕೆ ತಳ್ಳಲು ಗೊರಸಿನ ಈ ಅಗಲಿಕೆ ಕೂಡಿಕೆಗಳೇ ನೆರವಾಗುತ್ತವೆ. ನೆಲದ ಆಘಾತವನ್ನು ಹೀರಿಕೊಳ್ಳುವುದೂ ಇದೇ ಭಾಗ.

ಭಾರವು ಹಂಚಿಹೋಗುವ ಬಗೆ

ನಿಂತ ಕುದುರೆಯ ತೂಕದಲ್ಲಿ ಶೇಕಡ 55ರಿಂದ 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ತಲೆ ಮತ್ತು ಕುತ್ತಿಗೆ ಮುಂದಕ್ಕೆ ಚಾಚಿಕೊಂಡಿರುವುದೇ ಇದಕ್ಕೆ ಕಾರಣ. 300 ಕಿಲೋಗ್ರಾಂ ತೂಗುವ ತಟ್ಟುವೊಂದು ಸುಮ್ಮನೆ ನಿಂತಾಗ ಪ್ರತಿ ಮುಂಗೊರಸಿನ ಮೇಲೆ 80ರಿಂದ 90 ಕಿಲೋಗ್ರಾಂ ಭಾರ ಬೀಳುತ್ತದೆ. ನಡೆಯುವಾಗ ಇದು ಕ್ಷಣಕಾಲ ದೇಹತೂಕದ ಅರ್ಧವನ್ನು ಮೀರುತ್ತದೆ. ನಾಗಾಲೋಟದಲ್ಲಿ ಒಂದೇ ಕಾಲು ನೆಲ ಮುಟ್ಟಿರುವ ಗಳಿಗೆಯಲ್ಲಿ ದೇಹತೂಕದ ಸುಮಾರು ಎರಡೂವರೆ ಪಟ್ಟು ಬಲ ಆ ಗೊರಸಿನ ಮೂಲಕ ಹಾಯುತ್ತದೆ. ಇಷ್ಟು ಬಲವು ಗೊರಸಿನ ತಳದಲ್ಲಿ ಸರಿಯಾಗಿ ಹಂಚಿಹೋಗುವ ಸ್ಥಿತಿಯನ್ನೇ ಗೊರಸಿನ ಸಮತೋಲ ಎನ್ನುತ್ತಾರೆ.

ಸಮತೋಲವನ್ನು ಎರಡು ದಿಕ್ಕಿನಿಂದ ನೋಡಬೇಕು. ಮೊದಲನೆಯದು ಪಕ್ಕದ ನೋಟ. ಗೆಣ್ಣಿನಿಂದ ಗೊರಸಿಗೆ ಇಳಿಯುವ ಓರೆಭಾಗ ಮತ್ತು ಗೊರಸಿನ ಮುಂಗೋಡೆ ಒಂದೇ ಗೆರೆಯಲ್ಲಿರಬೇಕು. ಮುಂಗಾಲಿನಲ್ಲಿ ಈ ಗೆರೆ ನೆಲದೊಡನೆ ಸಾಮಾನ್ಯವಾಗಿ 50ರಿಂದ 55 ಡಿಗ್ರಿಗಳ ಕೋನ ಮಾಡುತ್ತದೆ. ಹಿಂಗಾಲಿನಲ್ಲಿ ತುಸು ಹೆಚ್ಚು. ಈ ಅಂಕಿಗಳನ್ನು ಎಲ್ಲ ಕುದುರೆಗಳಿಗೂ ಹೇರುವುದು ಸರಿಯಲ್ಲ. ಆಯಾ ಕುದುರೆಯ ಓರೆಭಾಗದ ಇಳಿಜಾರೇ ಅದರ ಅಳತೆಗೋಲು.

ಗೊರಸನ್ನು ಕಾಲಕಾಲಕ್ಕೆ ಸವರದಿದ್ದರೆ ಮುಂತುದಿ ಮುಂದಕ್ಕೆ ಬೆಳೆದು ಹಿಮ್ಮಡಿ ಕೆಳಗೆ ಕುಸಿಯುತ್ತದೆ. ಗೆರೆಯು ಹಿಂದಕ್ಕೆ ಮುರಿಯುತ್ತದೆ. ಇದರ ದುಷ್ಪರಿಣಾಮವನ್ನು ಅರಿಯಲು ಸನ್ನೆಗೋಲಿನ ತತ್ವವನ್ನು ನೆನೆದರೆ ಸಾಕು. ಹೆಜ್ಜೆ ಎತ್ತುವಾಗ ಗೊರಸು ತನ್ನ ಮುಂತುದಿಯ ಮೇಲೆ ಉರುಳಿ ನೆಲ ಬಿಡಬೇಕು. ತುದಿ ಉದ್ದವಾದಷ್ಟೂ ಸನ್ನೆಗೋಲು ಉದ್ದವಾಗುತ್ತದೆ. ಹಿಮ್ಮಡಿಯನ್ನು ಎತ್ತಲು ಕಾಲಿನ ಹಿಂದಿನ ಆಳದ ಸ್ನಾಯುರಜ್ಜು ಅಷ್ಟೂ ಹೆಚ್ಚು ಎಳೆಯಬೇಕಾಗುತ್ತದೆ. ಈ ರಜ್ಜು ಗೊರಸಿನೊಳಗೆ ದೋಣಿಯಾಕಾರದ ಒಂದು ಕಿರು ಎಲುಬಿನ ಮೇಲೆ, ರಾಟೆಯ ಮೇಲೆ ಹಗ್ಗ ಹಾಯುವಂತೆ, ಹಾದುಹೋಗುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆಗಳಲ್ಲಿ ಆ ಎಲುಬಿನ ಮೇಲೆ ಬೀಳುವ ಒತ್ತಡ ಕ್ರಮೇಣ ಅದನ್ನು ಸವೆಸುತ್ತದೆ. ನ್ಯಾವಿಕ್ಯುಲರ್ ವ್ಯಾಧಿ ಎಂದು ವೈದ್ಯರು ಕರೆಯುವ, ಪೂರ್ಣವಾಗಿ ವಾಸಿಯಾಗದ ಕುಂಟುತನಕ್ಕೆ ಇದು ಒಂದು ಮುಖ್ಯ ಹಾದಿ. ಪಂದ್ಯದ ಕುದುರೆಗಳಲ್ಲಿ ಹೆಜ್ಜೆ ಉದ್ದವಾಗಲೆಂದು ಬೇಕೆಂದೇ ತುದಿಯನ್ನು ಉದ್ದ ಬಿಡುವ ಪದ್ಧತಿ ಹಲವು ದೇಶಗಳಲ್ಲಿತ್ತು. ಹೆಜ್ಜೆ ಉದ್ದವಾಗುವುದೆಂಬ ನಂಬಿಕೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ; ರಜ್ಜುಗಳು ಹರಿಯುವುದು ಮಾತ್ರ ನಿಜವಾಯಿತು.

ಎರಡನೆಯದು ಎದುರಿನ ನೋಟ. ಗೊರಸಿನ ಒಳಪಕ್ಕ ಮತ್ತು ಹೊರಪಕ್ಕಗಳು ಒಟ್ಟಿಗೆ ನೆಲ ಮುಟ್ಟಬೇಕು, ಅಥವಾ ಹೆಚ್ಚುಕಡಿಮೆ ಒಟ್ಟಿಗೆ. ಒಂದು ಪಕ್ಕ ಎತ್ತರವಿದ್ದರೆ ಅದೇ ಮೊದಲು ನೆಲಕ್ಕೆ ಬಡಿಯುತ್ತದೆ, ಅನಂತರ ಕಾಲು ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಒಂದು ಕಡೆ ಸವೆದ ಮೆಟ್ಟು ಹಾಕಿಕೊಂಡು ದಿನವಿಡೀ ನಡೆದವರಿಗೆ ಮೊಣಕಾಲು ಏಕೆ ನೋಯುತ್ತದೆಂದು ಹೇಳಬೇಕಾಗಿಲ್ಲ. ಮನುಷ್ಯ ಮೆಟ್ಟನ್ನು ಬಿಚ್ಚಿಡಬಹುದು. ಕುದುರೆಗೆ ಆ ಅನುಕೂಲವಿಲ್ಲ. ಎತ್ತರದ ಪಕ್ಕದ ಕೂದಲಂಚು ಮೇಲಕ್ಕೆ ತಳ್ಳಲ್ಪಡುವುದು, ಹಿಮ್ಮಡಿಯ ಎರಡು ಭಾಗಗಳು ಮೇಲೆ ಕೆಳಗಾಗಿ ಬೇರ್ಪಡುವುದು, ಗೋಡೆಯ ಪಕ್ಕದಲ್ಲಿ ಉದ್ದ ಬಿರುಕು ಬಿಡುವುದು, ಕೀಲುಗಳ ಸುತ್ತ ಹೊಸ ಎಲುಬು ಬೆಳೆದು ಕೀಲು ಬಿಗಿಯುವುದು ಇವೆಲ್ಲ ಇದರ ಮುಂದಿನ ಹಂತಗಳು.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಹುಟ್ಟಿನಿಂದಲೇ ಕಾಲು ತುಸು ಒಳಕ್ಕೋ ಹೊರಕ್ಕೋ ತಿರುಗಿರುವ ಬೆಳೆದ ಕುದುರೆಯ ಗೊರಸನ್ನು ಒಂದು ಪಕ್ಕ ಹೆಚ್ಚು ಕೊಯ್ದು ಕಾಲನ್ನು ನೆಟ್ಟಗೆ ಮಾಡುವ ಪ್ರಯತ್ನ ಕೂಡದು. ಎಲುಬಿನ ಬೆಳವಣಿಗೆ ಮುಗಿದ ಮೇಲೆ ಎಲುಬು ನೆಟ್ಟಗಾಗುವುದಿಲ್ಲ, ಕೀಲುಗಳು ತಿರುಚಿಕೊಳ್ಳುತ್ತವೆ. ಇಂಥ ತಿದ್ದುಪಡಿಗೆ ಅವಕಾಶವಿರುವುದು ಮರಿ ಹುಟ್ಟಿದ ಮೊದಲ ಕೆಲವು ತಿಂಗಳುಗಳಲ್ಲಿ ಮಾತ್ರ, ಅದೂ ವೈದ್ಯರ ಸಲಹೆಯಂತೆ.

ಮರಳು, ಡಾಂಬರು, ಮಳೆ

ಮರೀನಾದ ಕುದುರೆಗಳು ದುಡಿಯುವುದು ಮರಳಿನ ಮೇಲೆ. ಕೊಟ್ಟಿಗೆಯಿಂದ ತೀರಕ್ಕೆ ಹೋಗಿಬರುವುದು ಡಾಂಬರಿನ ಮೇಲೆ. ಈ ಎರಡು ನೆಲಗಳ ಗುಣ ಪರಸ್ಪರ ವಿರುದ್ಧವಾದುದು. ಡಾಂಬರು ಮಣಿಯುವುದಿಲ್ಲ, ಪ್ರತಿ ಹೆಜ್ಜೆಯ ಆಘಾತವನ್ನು ಗೊರಸಿಗೇ ಹಿಂದಿರುಗಿಸುತ್ತದೆ. ಸಡಿಲವಾದ ಒಣ ಮರಳು ಆಘಾತವನ್ನು ನುಂಗಿಕೊಳ್ಳುತ್ತದೆ, ಆದರೆ ಒತ್ತಿದ ಕಾಲಿಗೆ ಆಸರೆ ಕೊಡದೆ ಜಾರುತ್ತದೆ. ಅಲ್ಲಿ ಅದೇ ದೂರ ನಡೆಯಲು ಸ್ನಾಯು ಮತ್ತು ರಜ್ಜುಗಳ ಶ್ರಮ ಹೆಚ್ಚು. ನೀರಿನಂಚಿನ ಒದ್ದೆಯಾಗಿ ಬಿಗಿದ ಮರಳು ಇವೆರಡರ ನಡುವಿನದು. ಕುದುರೆಯ ಕಾಲಿಗೆ ಅದು ಒಳ್ಳೆಯ ನೆಲ.

ಇದರಿಂದ ಒಂದು ವಿಶೇಷ ತೊಡಕು ಹುಟ್ಟುತ್ತದೆ. ಗೊರಸಿನೊಳಗೆ ನೋವಿರುವ ಕುದುರೆಯು ಗಟ್ಟಿ ನೆಲದಲ್ಲಿ ಎದ್ದು ಕಾಣುವಂತೆ ಕುಂಟುತ್ತದೆ. ಮರಳಿಗೆ ಇಳಿದೊಡನೆ ಕುಂಟು ಮಾಯವಾದಂತೆ ತೋರುತ್ತದೆ. ರಜ್ಜುವಿಗೆ ಪೆಟ್ಟಾದ ಕುದುರೆಯು ಇದಕ್ಕೆ ತದ್ವಿರುದ್ಧವಾಗಿ ರಸ್ತೆಯಲ್ಲಿ ಚೆನ್ನಾಗಿ ನಡೆದು ಮರಳಿನಲ್ಲಿ ಕುಂಟುತ್ತದೆ. ಆದುದರಿಂದ ಕುದುರೆಯನ್ನು ಮರಳಿನಲ್ಲಿ ಮಾತ್ರ ನೋಡಿ ಆರೋಗ್ಯವಾಗಿದೆ ಎಂದು ತೀರ್ಮಾನಿಸುವುದು ಸಲ್ಲದು. ಎರಡೂ ನೆಲಗಳ ಮೇಲೆ ನಡೆಸಿ ನೋಡಿದರೆ ಕುಂಟು ಎಲ್ಲಿ ಹೆಚ್ಚುವುದೆಂಬುದೇ ನೋವಿನ ಜಾಗದ ಬಗ್ಗೆ ವೈದ್ಯರಿಗೆ ಮೊದಲ ಸುಳಿವು ಕೊಡುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ವಿಷಯವೊಂದಿದೆ. ಒಂದು ಮುಂಗಾಲು ನೊಂದರೆ ಕುದುರೆ ಆ ಕಾಲನ್ನು ಊರುವಾಗ ತಲೆಯನ್ನು ಮೇಲಕ್ಕೆತ್ತುತ್ತದೆ, ಒಳ್ಳೆಯ ಕಾಲನ್ನು ಊರುವಾಗ ತಲೆ ತಗ್ಗಿಸುತ್ತದೆ. ಇದನ್ನು ಯಾರಾದರೂ ಗುರುತಿಸಬಲ್ಲರು. ಎರಡು ಮುಂಗಾಲುಗಳೂ ಸಮವಾಗಿ ನೊಂದಿದ್ದರೆ ತಲೆ ಅಲ್ಲಾಡುವುದಿಲ್ಲ, ಕುಂಟು ಕಾಣುವುದಿಲ್ಲ. ಹೆಜ್ಜೆ ಮಾತ್ರ ಗಿಡ್ಡವಾಗುತ್ತದೆ. ಕುದುರೆ ತಿರುಗಲು ಹಿಂಜರಿಯುತ್ತದೆ, ಇಳಿಜಾರಿನಲ್ಲಿ ನಿಲ್ಲುತ್ತದೆ, ನಿಂತಾಗ ಒಂದಾದ ಮೇಲೊಂದರಂತೆ ಮುಂಗಾಲುಗಳನ್ನು ಮುಂದಕ್ಕೆ ಚಾಚುತ್ತದೆ. ಗೊರಸುಗಳೆಲ್ಲ ಒಂದೇ ರೀತಿ ಅಲಕ್ಷ್ಯಕ್ಕೆ ಗುರಿಯಾಗುವುದರಿಂದ ದುಡಿಯುವ ಕುದುರೆಗಳಲ್ಲಿ ಇಂಥ ಜೋಡಿ ನೋವು ಅಪರೂಪವಲ್ಲ. ಯಜಮಾನನ ಕಣ್ಣಿಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಚಾವಟಿ ಬೀಳುವುದು ಆಗಲೇ.

ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆಗಾಲ. ಲದ್ದಿ ಮೂತ್ರಗಳಿಂದ ತೇವವಾದ ನೆಲದಲ್ಲಿ ನಿಂತ ಕುದುರೆಯ ಫ್ರಾಗ್‌ನ ಸಂದುಗಳಲ್ಲಿ ಕೊಳೆತ ಹತ್ತಿ, ಕಪ್ಪು ಕಸರು ಮತ್ತು ಸಹಿಸಲಾಗದ ದುರ್ವಾಸನೆ ಬರುತ್ತದೆ. ದಿನಕ್ಕೆ ಎರಡು ಬಾರಿ ಗೊರಸನ್ನು ಎತ್ತಿ ಮೊಂಡು ಕೊಕ್ಕೆಯಿಂದ ಕೆರೆದು ಶುಚಿ ಮಾಡುವುದು, ನಿಲ್ಲಲು ಒಣ ಜಾಗ ಒದಗಿಸುವುದು ಇದಕ್ಕೆ ಎಲ್ಲಕ್ಕಿಂತ ಮುಖ್ಯವಾದ ಉಪಾಯ. ಮಾರುಕಟ್ಟೆಯಲ್ಲಿ ಸಿಗುವ ಬಗೆಬಗೆಯ ಗೊರಸು ಎಣ್ಣೆಗಳಿಂದ ಗೊರಸು ಹೊಳೆಯುವುದೇ ಹೊರತು ಗಟ್ಟಿಯಾಗುವುದಿಲ್ಲ.

ಲಾಳ ಕಟ್ಟುವ ಕ್ರಮ

ನಾವು ಲಾಳ ಎನ್ನುವುದನ್ನು ತಮಿಳರು ಲಾಡಂ ಎನ್ನುತ್ತಾರೆ. ಲಾಳ ಕಟ್ಟುವವರನ್ನು ಹಿಂದಿ, ಉರ್ದು ಭಾಷೆಗಳಲ್ಲಿ ನಾಲ್‌ಬಂದ್ ಎಂದು ಕರೆಯುವುದುಂಟು. ಗಟ್ಟಿ ನೆಲದಲ್ಲಿ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುವುದನ್ನು ತಡೆಯುವುದು ಲಾಳದ ಉದ್ದೇಶ. ರಸ್ತೆಗೆ ಇಳಿಯದೆ ಮರಳಿನಲ್ಲೇ ದುಡಿಯುವ ಕುದುರೆಗೆ ಲಾಳ ಬೇಕಿಲ್ಲದಿರಬಹುದು. ಆದರೆ ಲಾಳ ಹಾಕಿದೊಡನೆ ಗೊರಸಿನ ಸಹಜ ಸವೆತ ನಿಲ್ಲುತ್ತದೆ, ಬೆಳವಣಿಗೆ ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು. ಲಾಳ ಸವೆದಿಲ್ಲವೆಂಬ ಕಾರಣಕ್ಕೆ ಮೂರು ನಾಲ್ಕು ತಿಂಗಳು ಹಾಗೆಯೇ ಬಿಟ್ಟರೆ ಮುಂತುದಿ ಉದ್ದವಾಗಿ ಮೇಲೆ ಹೇಳಿದ ಎಲ್ಲ ತೊಂದರೆಗಳೂ ಆರಂಭವಾಗುತ್ತವೆ. ಆದುದರಿಂದ ನಾಲ್ಕರಿಂದ ಆರು ವಾರಗಳಿಗೊಮ್ಮೆ ಲಾಳವನ್ನು ಬಿಚ್ಚಿ, ಗೊರಸನ್ನು ಸವರಿ, ಲಾಳ ಚೆನ್ನಾಗಿದ್ದರೆ ಅದನ್ನೇ ಮತ್ತೆ ಕೂರಿಸಬೇಕು.

ಕೆಲಸವನ್ನು ಕತ್ತಿಯಿಂದ ಆರಂಭಿಸದೆ ಕಣ್ಣಿನಿಂದ ಆರಂಭಿಸುವುದು ಒಳ್ಳೆಯ ಕಸುಬುದಾರನ ಲಕ್ಷಣ. ಮೊದಲು ಕುದುರೆಯನ್ನು ಸಮನೆಲದ ಮೇಲೆ ನಿಲ್ಲಿಸಿ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ನೋಡಬೇಕು. ಬಳಿಕ ನಡೆಸಿ, ಗೊರಸಿನ ಯಾವ ಪಕ್ಕ ಮೊದಲು ನೆಲ ಮುಟ್ಟುವುದೆಂಬುದನ್ನು ಗಮನಿಸಬೇಕು. ಬಿಚ್ಚಿದ ಹಳೆಯ ಲಾಳವೂ ಸಾಕ್ಷಿಯೇ. ಅದು ಯಾವ ಅಂಚಿನಲ್ಲಿ ತೆಳುವಾಗಿದೆಯೋ ಆ ಕಡೆಗೆ ಭಾರ ಹೆಚ್ಚು ಬಿದ್ದಿದೆ ಎಂದರ್ಥ. ಆಮೇಲೆ ಉದುರಲು ಸಿದ್ಧವಾದ ಸತ್ತ ತಳವನ್ನು ಮಾತ್ರ ತೆಗೆದು, ಬೆಳೆದ ಗೋಡೆಯನ್ನು ಇಕ್ಕಳದಿಂದ ಕತ್ತರಿಸಿ, ಅರದಿಂದ ಮಟ್ಟ ಮಾಡಬೇಕು. ಕಾಲನ್ನು ಸಡಿಲವಾಗಿ ಎತ್ತಿ ಹಿಡಿದು ಹಿಮ್ಮಡಿಯ ಕಡೆಯಿಂದ ನೋಡಿದಾಗ ಗೊರಸಿನ ಎರಡು ಪಕ್ಕಗಳ ಅಂಚು ಕಾಲಿನ ನಡುಗೆರೆಗೆ ಅಡ್ಡವಾಗಿ ನೇರವಿರಬೇಕು. ತಳದ ಅತ್ಯಂತ ಅಗಲವಾದ ಜಾಗದಲ್ಲಿ ಅಡ್ಡಗೆರೆ ಎಳೆದರೆ ಅದರ ಮುಂದಿನ ಭಾಗವೂ ಹಿಂದಿನ ಭಾಗವೂ ಹೆಚ್ಚುಕಡಿಮೆ ಸಮವಾಗಿರಬೇಕು.

ನಮ್ಮಲ್ಲಿ ಎಲ್ಲೆಡೆ ಕಾಣುವ ದೋಷವೆಂದರೆ ಸಿದ್ಧಪಡಿಸಿದ ಚಿಕ್ಕ ಲಾಳವನ್ನು ಹಾಗೆಯೇ ಮೊಳೆ ಹೊಡೆದು, ಅದರಿಂದ ಹೊರಗೆ ಉಳಿದ ಗೋಡೆಯನ್ನು ಅರದಿಂದ ಉಜ್ಜಿಹಾಕುವುದು. ನೋಡಲು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಭಾರ ಹೊರಬೇಕಾದ ಗೋಡೆ ತೆಳುವಾಗಿ, ಮೊಳೆಗೆ ಹಿಡಿತ ಸಿಗದೆ, ಮುಂದಿನ ಸಲ ಲಾಳವೇ ನಿಲ್ಲದಂತಾಗುತ್ತದೆ. ಗೊರಸಿಗೆ ಲಾಳವೇ ಹೊರತು ಲಾಳಕ್ಕೆ ಗೊರಸಲ್ಲ. ಲಾಳವು ಹಿಮ್ಮಡಿಯ ಕೊನೆಯವರೆಗೂ ಚಾಚಿರಬೇಕು. ಹಿಂಭಾಗದಲ್ಲಿ ಕೂದಲೆಳೆಯಷ್ಟು ಹೊರಕ್ಕೆ ಇದ್ದರೆ ಹಿಮ್ಮಡಿ ಅಗಲಲು ಎಡೆ ಸಿಗುತ್ತದೆ. ಫ್ರಾಗ್ ಅನ್ನು ಅಂದಕ್ಕಾಗಿ ಕೊಯ್ದು ಚಿಕ್ಕದು ಮಾಡುವುದು ಇನ್ನೊಂದು ಕೆಟ್ಟ ಚಾಳಿ. ಅದು ಪ್ರಕೃತಿ ಕೊಟ್ಟ ಮೆತ್ತೆಯನ್ನು ಕಿತ್ತು ಬಿಸಾಡಿದಂತೆ.

ಮೊಳೆಯ ವಿಷಯದಲ್ಲಿ ಕೈಚಳಕ ಬೇಕು. ತಳಕ್ಕೂ ಗೋಡೆಗೂ ನಡುವೆ ಬಿಳಿ ಗೆರೆಯೊಂದು ಕಾಣುತ್ತದೆ. ಆ ಗೆರೆಯ ಹೊರಗಿನದು ಜೀವವಿಲ್ಲದ ಭಾಗ, ಒಳಗಿನದು ಜೀವಂತ ಭಾಗ. ಮೊಳೆ ಗೆರೆಯ ಹೊರಮಗ್ಗುಲಲ್ಲಿ ಹೊಕ್ಕು ಗೋಡೆಯ ಕೆಳಗಿನ ಮೂರನೆಯ ಒಂದು ಭಾಗದ ಎತ್ತರದಲ್ಲಿ ಹೊರಬರಬೇಕು. ಪ್ರತಿ ಪಕ್ಕಕ್ಕೆ ಮೂರು ಅಥವಾ ನಾಲ್ಕು ಮೊಳೆ ಸಾಕು. ಗೊರಸಿನ ಅತ್ಯಗಲ ಜಾಗದಿಂದ ಹಿಂದಕ್ಕೆ ಮೊಳೆ ಹೊಡೆದರೆ ಹಿಮ್ಮಡಿಯ ಅಗಲಿಕೆ ಕಟ್ಟಿಹೋಗುತ್ತದೆ. ನುರಿತವರು ಸುತ್ತಿಗೆಯ ಸದ್ದನ್ನೇ ಕೇಳಿ ತಿಳಿಯುತ್ತಾರೆ: ಗಟ್ಟಿ ಭಾಗದಲ್ಲಿ ಹೋಗುವ ಮೊಳೆ ಖಣಖಣ ಎನ್ನುತ್ತದೆ, ಮೆತ್ತನೆಯ ಕಡೆಗೆ ತಿರುಗಿದ ಮೊಳೆಯ ಸದ್ದು ಮಂಕಾಗುತ್ತದೆ. ಹಾಗೆ ಕೇಳಿದೊಡನೆ ಮೊಳೆಯನ್ನು ಎಳೆದುಬಿಡಬೇಕು.

ಮೊಳೆ ಜೀವಂತ ಭಾಗಕ್ಕೆ ಚುಚ್ಚಿದರೆ ಕುದುರೆ ಆಗಲೇ ಕಾಲು ಕಿತ್ತುಕೊಳ್ಳುತ್ತದೆ. ಚುಚ್ಚದೆ ಒತ್ತಿ ನಿಂತರೆ ನೋವು ಒಂದೆರಡು ದಿನ ಬಿಟ್ಟು ಕಾಣುತ್ತದೆ. ಲಾಳ ಕಟ್ಟಿದ ವಾರದೊಳಗೆ ಕುದುರೆ ಕುಂಟಿದರೆ ಅಥವಾ ಗೊರಸು ಬಿಸಿಯಾಗಿ ಗೆಣ್ಣಿನ ಹಿಂಬದಿಯ ನಾಡಿ ಬೆರಳಿಗೆ ಜೋರಾಗಿ ಬಡಿದರೆ ಮೊದಲ ಸಂಶಯ ಮೊಳೆಯ ಮೇಲಿರಬೇಕು. ಕುದುರೆಯಷ್ಟು ಸುಲಭವಾಗಿ ಧನುರ್ವಾಯುವಿಗೆ ತುತ್ತಾಗುವ ಸಾಕುಪ್ರಾಣಿ ಮತ್ತೊಂದಿಲ್ಲ. ಲದ್ದಿಯಲ್ಲಿಯೇ ಅದರ ರೋಗಾಣುಗಳಿರುತ್ತವೆ. ಧನುರ್ವಾಯುವಿನ ಲಸಿಕೆಯನ್ನು ತಪ್ಪದೆ ಹಾಕಿಸಿರಬೇಕು. ಮೊಳೆ ಚುಚ್ಚಿದ ದಿನವೇ ವೈದ್ಯರಿಗೆ ತೋರಿಸಬೇಕು.

ನೆರವು ಮತ್ತು ನಿಯಮಗಳು

ಚೆನ್ನೈಯ ವೇಪೇರಿಯಲ್ಲಿರುವ ಮದ್ರಾಸ್ ಪಶುವೈದ್ಯಕೀಯ ಕಾಲೇಜು 1903ರಲ್ಲಿ ಡಾಬಿನ್ ಹಾಲ್ ಎಂಬ ಚಿಕ್ಕ ಕಟ್ಟಡದಲ್ಲಿ ಆರಂಭವಾಯಿತು. 1989ರಲ್ಲಿ ಸ್ಥಾಪಿತವಾದ ತಮಿಳುನಾಡು ಪಶುವೈದ್ಯಕೀಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಈಗ ಸೇರಿದೆ. ಅದರ ಬೋಧನಾ ಆಸ್ಪತ್ರೆಯಲ್ಲಿ ದೊಡ್ಡ ಪ್ರಾಣಿಗಳ ಚಿಕಿತ್ಸೆಗೆ ವ್ಯವಸ್ಥೆಯಿದೆ. ಕ್ಷ-ಕಿರಣದ ಚಿತ್ರದಲ್ಲಿ ಗೊರಸಿನೊಳಗಿನ ಎಲುಬು ನೆಲಕ್ಕೆ ಯಾವ ಕೋನದಲ್ಲಿದೆ ಎಂಬುದು ಸ್ಪಷ್ಟವಾಗಿ ಕಾಣುವುದರಿಂದ, ಹಳೆಯ ಕುಂಟುತನದಲ್ಲಿ ವೈದ್ಯರೂ ಲಾಳ ಕಟ್ಟುವವರೂ ಆ ಚಿತ್ರವನ್ನು ಒಟ್ಟಿಗೆ ನೋಡಿ ಕೆಲಸ ಮಾಡುವುದು ಲೇಸು. ಇವರಿಬ್ಬರೂ ಒಬ್ಬರನ್ನೊಬ್ಬರು ಕಾಣದೆ ತಮ್ಮ ತಮ್ಮ ಕೆಲಸ ಮುಗಿಸಿ ಹೋಗುವುದೇ ಸಾಮಾನ್ಯವಾಗಿರುವುದು ವಿಷಾದದ ಸಂಗತಿ.

ಲಾಳ ಕಟ್ಟುವ ಕಸುಬು ತಂದೆಯಿಂದ ಮಗನಿಗೆ ಬಂದದ್ದು. ಜಟಕಾಗಳು ಹೋದ ಮೇಲೆ ಕಸುಬುದಾರರೂ ಕಡಿಮೆಯಾದರು. ಮೈಸೂರಿನಲ್ಲಿ ಇಂದಿಗೂ ಟಾಂಗಾ ಓಡಿಸುವವರು ಇದೇ ಕೊರತೆಯನ್ನು ಬಲ್ಲರು. ಸೈನ್ಯದಲ್ಲಿ ಮಾತ್ರ ಇದು ಕ್ರಮಬದ್ಧ ವಿದ್ಯೆಯಾಗಿ ಉಳಿದಿದೆ. ಮೀರತ್‌ನಲ್ಲಿರುವ ರಿಮೌಂಟ್ ವೆಟರ್ನರಿ ಕೋರ್‌ನ ಕೇಂದ್ರದಲ್ಲಿ ಲಾಳ ಕಟ್ಟುವವರಿಗೆ ತರಬೇತಿ ಕೊಡಲಾಗುತ್ತದೆ. ಉತ್ತರ ಭಾರತದ ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವ ಕುದುರೆ, ಹೇಸರಗತ್ತೆಗಳಿಗಾಗಿ ಬ್ರೂಕ್ ಇಂಡಿಯಾ ಸಂಸ್ಥೆಯು ಊರಿನ ಕಸುಬುದಾರರಿಗೇ ಸಮತೋಲದ ತತ್ವಗಳನ್ನು ಕಲಿಸುವ ಕೆಲಸ ಮಾಡಿದೆ. ದಕ್ಷಿಣದ ನಗರಗಳಲ್ಲಿಯೂ ಇಂಥ ತರಬೇತಿ ನಡೆಯುವುದು ಅವಶ್ಯ.

1960ರ ಪ್ರಾಣಿ ಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ವಯಸ್ಸು, ರೋಗ, ಗಾಯ ಮುಂತಾದ ಕಾರಣಗಳಿಂದ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸುವುದು ಅಪರಾಧ. ಕುಂಟುವ ಕುದುರೆಯೂ ಇದರಲ್ಲಿ ಸೇರುತ್ತದೆ. ಈ ಕಾಯಿದೆಯನ್ವಯ 1962ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ದೀರ್ಘಕಾಲ ಚೆನ್ನೈಯಿಂದಲೇ ಕಾರ್ಯ ನಿರ್ವಹಿಸಿತು. ಅದರ ಕಚೇರಿ ಈಗ ಹರಿಯಾಣದ ಬಲ್ಲಭ್‌ಗಢದಲ್ಲಿದೆ. ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗೆ ಸಂಬಂಧಿಸಿದ 1965ರ ನಿಯಮಗಳು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸುವುದನ್ನು ನಿಷೇಧಿಸಿವೆ. ಉಷ್ಣಾಂಶವು 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ದುಡಿಸುವಂತಿಲ್ಲ. ಚೆನ್ನೈಯಲ್ಲಿ ಮೇ ತಿಂಗಳ ಅನೇಕ ದಿನಗಳು ಈ ಮಿತಿಯನ್ನು ದಾಟುತ್ತವೆ.

ಸವಾರಿ ಕುದುರೆಯನ್ನು ನಂಬಿದ ಕುಟುಂಬಕ್ಕೆ ಲಾಳದ ಕೂಲಿ ಹೊರೆಯಾಗಿ ಕಾಣುವುದು ಸಹಜ. ಕುದುರೆ ಕುಂಟಿ ಕೊಟ್ಟಿಗೆಯಲ್ಲಿ ನಿಂತರೆ ಮೇವಿನ ಖರ್ಚು ತಪ್ಪದು, ಸಂಪಾದನೆ ಮಾತ್ರ ನಿಲ್ಲುತ್ತದೆ. ಗಾಯಗೊಂಡ ಸ್ನಾಯುರಜ್ಜು ಕೂಡಲು ಅನೇಕ ತಿಂಗಳು ಬೇಕು. ಕೂಡಿದ ಮೇಲೂ ಮೊದಲಿನ ಬಲ ಬರುವುದಿಲ್ಲ. ಕೆಟ್ಟ ಗೊರಸನ್ನು ಒಂದೇ ಸಲಕ್ಕೆ ಸರಿಪಡಿಸಲು ಹೋಗಬಾರದೆಂಬುದನ್ನೂ ಯಜಮಾನರು ತಿಳಿದಿರಬೇಕು. ವರ್ಷಗಟ್ಟಲೆ ಉದ್ದ ಬೆಳೆದ ಮುಂತುದಿಯನ್ನು ಒಮ್ಮೆಗೇ ಗಿಡ್ಡ ಮಾಡಿದರೆ, ಆ ಕೋನಕ್ಕೆ ಒಗ್ಗಿಹೋದ ರಜ್ಜುಗಳಿಗೆ ಹೊಸ ನೋವು ಉಂಟಾಗುತ್ತದೆ. ನಾಲ್ಕೈದು ವಾರಗಳ ಅಂತರದಲ್ಲಿ ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಸವರುತ್ತ ಬಂದರೆ, ಕೂದಲಂಚಿನಿಂದ ಹೊಸ ಗೋಡೆ ಸರಿಯಾದ ಕೋನದಲ್ಲಿ ಇಳಿದು ನೆಲ ಮುಟ್ಟುವ ಹೊತ್ತಿಗೆ ಸುಮಾರು ಒಂದು ವರ್ಷ ಕಳೆದಿರುತ್ತದೆ.